ಹುಳಕ್ಕೆ ಮಾರ್ಚ್ 31 ಗೊತ್ತಿಲ್ಲ

ಪ್ರಶ್ನೆ: ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು, ಬಿಎಸ್ಸಿ ಕೊನೆಯ ವರ್ಷ. ಮನೆಯಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ. "ಬೈವೋಲ್ಟೈನ್ ಬಂದಿದ್ದೇ ಸರ್ಕಾರ ದುಡ್ಡು ಹಾಕಿದ್ದಕ್ಕೆ" ಅಂತ, ವರ್ಷಕ್ಕೆ ಎರಡು ಪೀಳಿಗೆ ಕೊಡುವ ರೇಷ್ಮೆ ಹುಳುವಿನ ತಳಿಯ ಬಗ್ಗೆ ನಮ್ಮಪ್ಪ ಹೇಳುತ್ತಾರೆ. "ವಿಜ್ಞಾನ ಯಾರ ಮಾತೂ ಕೇಳಲ್ಲ, ಅದು ಕುತೂಹಲದಿಂದ ಹುಟ್ಟುತ್ತೆ" ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಇಬ್ಬರಲ್ಲಿ ಯಾರು ಸರಿ? ಮುಂದೆ ನಾನು ಸಂಶೋಧನೆಗೆ ಹೋದರೆ ನನಗಿಷ್ಟವಾದದ್ದು ಮಾಡಬಹುದಾ, ಇಲ್ಲಾ ಸರ್ಕಾರ ಹೇಳಿದ್ದನ್ನೇ ಮಾಡಬೇಕಾ?

ಉತ್ತರ: ನೋಡಮ್ಮಾ, ನಾನು ನಿಮ್ಮಪ್ಪನಿಗೇ ಜಾಸ್ತಿ ಮಾರ್ಕು ಕೊಡುತ್ತೇನೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಮೂವತ್ತು ವರ್ಷ ರೇಷ್ಮೆ ಹುಳುವಿನ ತಳಿ ಕೆಲಸ ಮಾಡಿ ಈಗ ಚಿಂತಾಮಣಿಯಲ್ಲಿ ಮನೆ ಹಿಡಿದು ಕೂತಿದ್ದೇನೆ. ದುಡ್ಡಿಗೆ ಅರ್ಜಿ ಬರೆದವನೂ ಹೌದು, ಕೊನೆಯ ಕೆಲವು ವರ್ಷ ಬೇರೆಯವರ ಅರ್ಜಿ ಓದಿ ಕೊಡಬೇಕೋ ಬೇಡವೋ ಅಂತ ಹೇಳುವ ಸಮಿತಿಯಲ್ಲಿ ಕೂತವನೂ ಹೌದು. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಸರ್ಕಾರ ಉತ್ತರ ಬರೆದುಕೊಡುವುದಿಲ್ಲ. ಅದಕ್ಕೆ ಬರೆಯಲು ಬರುವುದೂ ಇಲ್ಲ. ಆದರೆ ಯಾವ ಪ್ರಶ್ನೆಗೆ ಒಂದು ಕೋಣೆ, ಒಂದು ಕರೆಂಟ್ ಕನೆಕ್ಷನ್, ನಾಲ್ಕು ಜನರ ಸಂಬಳ ಸಿಗಬೇಕು ಅನ್ನುವುದನ್ನು ಬಹುಮಟ್ಟಿಗೆ ಅದೇ ತೀರ್ಮಾನ ಮಾಡುತ್ತದೆ. ಕೋಣೆಯೊಳಗೆ ಹೋದಮೇಲೆ ನಿಮ್ಮ ಮೇಷ್ಟ್ರು ಹೇಳುವ ಕುತೂಹಲ ಕೆಲಸ ಮಾಡುತ್ತದೆ. ಬೀಗದ ಕೈ ಮಾತ್ರ ಬೇರೆಯವರ ಸೊಂಟದಲ್ಲಿರುತ್ತದೆ.

ಇದಕ್ಕೆ ದೂರ ಹೋಗಬೇಕಿಲ್ಲ, ನಿಮ್ಮ ಜಿಲ್ಲೆಯ ಗೌರಿಬಿದನೂರಿಗೇ ಹೋಗೋಣ. ಅಲ್ಲಿ 1965ರಿಂದ ಒಂದು ಭೂಕಂಪ ಮಾಪನ ಕೇಂದ್ರ ಇದೆ, ಅಣುಶಕ್ತಿ ಇಲಾಖೆಯದು. ಗಟ್ಟಿ ಬಂಡೆ, ಸುತ್ತ ಗಲಾಟೆ ಕಡಿಮೆ, ಹಾಗಾಗಿ ಆ ಜಾಗ ಆರಿಸಿದರು. ಎಲ್ ಆಕಾರದಲ್ಲಿ ಕಿಲೋಮೀಟರುಗಟ್ಟಲೆ ಕಂಪನ ಅಳೆಯುವ ಉಪಕರಣ ಹೂಳಿದ್ದಾರೆ. ಭೂಕಂಪವೇ ಅಪರೂಪವಾದ ಊರಿನಲ್ಲಿ ಭೂಕಂಪ ಅಳೆಯುವುದಕ್ಕೆ ಯಾಕೆ ಅಷ್ಟು ಖರ್ಚು? ಕಾರಣ ಬಾಂಬು. 1963ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಅಣುಬಾಂಬು ಪರೀಕ್ಷೆ ಮಾಡಬಾರದು ಅಂತ. ನೆಲದೊಳಗೆ ಮಾಡಬಾರದು ಅಂತ ಮಾತ್ರ ಅದರಲ್ಲಿರಲಿಲ್ಲ. ಅಂದಮೇಲೆ ಯಾರು ಎಲ್ಲಿ ನೆಲದೊಳಗೆ ಸಿಡಿಸುತ್ತಿದ್ದಾರೆ ಅಂತ ಕಿವಿಗೊಟ್ಟು ಕೇಳುವವರು ಬೇಕಲ್ಲ? ಬ್ರಿಟನ್ನಿನವರು ಇಂಥ ಕೇಂದ್ರಗಳಿಗೆ ಕೈಜೋಡಿಸಿದರು. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಒಂದೊಂದು, ನಮ್ಮ ಗೌರಿಬಿದನೂರಿನಲ್ಲಿ ಒಂದು. ಅಮೆರಿಕ ಇದೇ ಕಾರಣಕ್ಕೆ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಕಡೆ ಭೂಕಂಪ ಮಾಪಕ ಇಡಿಸಿತು.

ಆಮೇಲೆ ಆಗಿದ್ದು ಯಾವ ಮಂತ್ರಿಯೂ ಯೋಜನೆ ಹಾಕಿದ್ದಲ್ಲ. ಬಾಂಬಿನ ಸದ್ದು ಕೇಳಲು ಇಟ್ಟ ಕಿವಿಗೆ ಭೂಕಂಪಗಳೂ ಕೇಳಿಸತೊಡಗಿದವು. ಯಾವ ಭೂಕಂಪ ಎಲ್ಲಿ, ಎಷ್ಟು ಆಳದಲ್ಲಿ ಆಯಿತು ಅಂತ ಮೊದಲ ಸಲ ಕರಾರುವಾಕ್ಕಾಗಿ ನಕ್ಷೆಯ ಮೇಲೆ ಚುಕ್ಕಿ ಇಡಲು ಬಂತು. ಆ ಚುಕ್ಕಿಗಳೆಲ್ಲ ಸಾಲಾಗಿ ಕೂತಾಗ ಭೂಮಿಯ ಚಿಪ್ಪು ಹಲವು ತುಂಡುಗಳಾಗಿ ಚಲಿಸುತ್ತಿದೆ ಅನ್ನುವ ವಾದಕ್ಕೆ 1960ರ ದಶಕದ ಕೊನೆಯಲ್ಲಿ ಬಲವಾದ ಸಾಕ್ಷಿ ಸಿಕ್ಕಿತು. ಇವತ್ತು ಹೈಸ್ಕೂಲ್ ಪುಸ್ತಕದಲ್ಲಿರುವ ಭೂಫಲಕಗಳ ಪಾಠದ ಹಿಂದೆ ಬಾಂಬಿನ ಭಯದ ದುಡ್ಡಿದೆ. ಕುತೂಹಲ ಇರಲಿಲ್ಲವೇ? ಇತ್ತು. ಖಂಡಗಳು ಚಲಿಸುತ್ತವೆ ಅಂತ ಅದಕ್ಕೂ ಐವತ್ತು ವರ್ಷ ಮೊದಲೇ ಜರ್ಮನಿಯ ವೆಗೆನರ್ ಹೇಳಿ ನಗೆಪಾಟಲಾಗಿದ್ದ. ಅವನಲ್ಲಿ ಕುತೂಹಲ ಬೇಕಾದಷ್ಟಿತ್ತು. ಉಪಕರಣ ಇರಲಿಲ್ಲ.

(ಗೌರಿಬಿದನೂರಿನ ಇನ್ನೊಂದು ಕಡೆ 1976ರಿಂದ ರೇಡಿಯೋ ದೂರದರ್ಶಕವೂ ಇದೆ. ಸಾವಿರ ಆಂಟೆನಾಗಳನ್ನು ಟಿ ಆಕಾರದಲ್ಲಿ ನೆಟ್ಟು ಆಕಾಶ ಕೇಳಿದರು. ಬೆಟ್ಟಗಳ ನಡುವೆ ಇರುವುದರಿಂದ ರೇಡಿಯೋ ಗದ್ದಲ ಕಡಿಮೆ. ಕಾಲೇಜಿನಿಂದ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ.)

ಇದು ಸಿಹಿ ಕಥೆ. ಕಹಿ ಕಥೆ ಕೋಲಾರ ಜಿಲ್ಲೆಯ ಚಿನ್ನದ ಗಣಿಯಲ್ಲಿದೆ, ಕೆಜಿಎಫ್‌ನಲ್ಲಿ. ನನಗೆ ಇದನ್ನು ಯಾರಿಗೆ ಹೇಳಿದರೂ ಸಾಕಾಗುವುದಿಲ್ಲ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಕೆಜಿಎಫ್ ಶುರುವಾಗಿದ್ದು ಬ್ರಿಟಿಷ್ ಕಂಪನಿಯ ದುಡ್ಡಿನಿಂದ. ಆದರೆ 1902ರಲ್ಲಿ ಅಲ್ಲಿಗೆ ಕರೆಂಟ್ ಬಂದಿದ್ದು ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದರಿಂದ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿ ದೀಪಕ್ಕಿಂತ ಮೊದಲು ಗಣಿಗೆ ಕರೆಂಟ್ ಬಂತು. ಯಾಕೆ ಅಂದರೆ ಗಣಿ ದುಡ್ಡು ಕೊಡುವ ಗಿರಾಕಿ. ಖಾತ್ರಿಯಾದ ಗಿರಾಕಿ ಇದ್ದರೆ ತಂತ್ರಜ್ಞಾನ ಹೇಗೆ ಓಡಿ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ.

ಆ ಕರೆಂಟಿನ ಮೇಲೆ ಗಣಿ ಆಳಕ್ಕೆ ಹೋಯಿತು. ಅಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. 1951ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಒಬ್ಬ ಯುವಕ ಉಪಕರಣ ಹೊತ್ತು ಅಲ್ಲಿಗೆ ಬಂದರು. ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್. ಹೋಮಿ ಭಾಭಾ ಕಳಿಸಿದ್ದು. ಆಕಾಶದಿಂದ ಬೀಳುವ ಕಣಗಳು ಭೂಮಿಯೊಳಗೆ ಎಷ್ಟು ಆಳದವರೆಗೆ ಹೋಗುತ್ತವೆ ಅಂತ ಅಳೆಯುವುದು ಕೆಲಸ. ಒಂದೊಂದೇ ಮಟ್ಟ ಇಳಿಯುತ್ತಾ ಅಳೆದರು. ಹತ್ತು ವರ್ಷ ಆದಮೇಲೆ ಇವರ ಜೊತೆಯವರು ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಯಂತ್ರ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಕಣವೂ ಸಿಗಲಿಲ್ಲ.

ಸೊನ್ನೆ ನೋಡಿ ಅವರಿಗೆ ಬೇಜಾರಾಗಲಿಲ್ಲ, ಖುಷಿಯಾಯಿತು. ಬಂಡೆ ಎಲ್ಲವನ್ನೂ ತಡೆಯುತ್ತಿದೆ, ಅಂದಮೇಲೆ ಇಲ್ಲಿ ಏನಾದರೂ ಸಿಕ್ಕಿದರೆ ಅದು ಬಂಡೆಯನ್ನೇ ಲೆಕ್ಕಿಸದ ಕಣದಿಂದ ಹುಟ್ಟಿದ್ದೇ ಆಗಬೇಕು, ಅಂದರೆ ನ್ಯೂಟ್ರಿನೊ. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರು ಸೇರಿಕೊಂಡರು. 2.3 ಕಿಲೋಮೀಟರ್ ಆಳದಲ್ಲಿ ಪತ್ತೆಯಂತ್ರ ಕಟ್ಟಿದರು. ಮೇಲಿಂದ ನೇರ ಬರುವ ಕಣ ಬೇಡ, ಅಡ್ಡಡ್ಡ ಬರುವ ಕಣ ಬೇಕು, ಯಾಕೆಂದರೆ ಅಷ್ಟು ಬಂಡೆ ದಾಟಿ ಅಡ್ಡ ಬರಲು ಬೇರೆ ಯಾವುದಕ್ಕೂ ಆಗುವುದಿಲ್ಲ. 1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಮೊದಲು ಪತ್ತೆಯಾದ ಎರಡು ಜಾಗಗಳಲ್ಲಿ ಕೆಜಿಎಫ್ ಒಂದು. ಇನ್ನೊಂದು ದಕ್ಷಿಣ ಆಫ್ರಿಕಾದಲ್ಲಿ. ಅದೂ ಚಿನ್ನದ ಗಣಿಯೇ.

ಈಗ ಇದರಲ್ಲಿ ದುಡ್ಡಿನ ಲೆಕ್ಕ ನೋಡಿ. ವಿಜ್ಞಾನಿಗಳು ಸುರಂಗ ತೋಡಲಿಲ್ಲ. ಗಣಿಗೆ ಇಳಿಸುವ ಕೇಜು ಓಡಿಸಲಿಲ್ಲ. ನೀರು ಎತ್ತಲಿಲ್ಲ, ಗಾಳಿ ಊದಲಿಲ್ಲ. ಅದೆಲ್ಲ ಗಣಿಯ ಖರ್ಚು. ಗಣಿ 1956ರಲ್ಲಿ ರಾಜ್ಯ ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು. ವಿಜ್ಞಾನ ಅಲ್ಲಿ ಲಾರಿ ಹತ್ತಿದ ಪ್ರಯಾಣಿಕನ ಹಾಗೆ ಕೂತಿತ್ತು. ಲಾರಿ ಓಡುವ ತನಕ ಪುಕ್ಕಟೆ ಪ್ರಯಾಣ. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ ಹೋಯಿತು, ಒಂದು ಗ್ರಾಂ ತೆಗೆಯುವ ಖರ್ಚು ಒಂದು ಗ್ರಾಮಿನ ಬೆಲೆಯನ್ನು ಮೀರಿತು, ಆಳದ ಮಟ್ಟಗಳನ್ನು ಒಂದೊಂದಾಗಿ ಕೈಬಿಟ್ಟರು. 1980ರಿಂದ ಅಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಅಂತ ನೋಡುವ ದೊಡ್ಡ ಪ್ರಯೋಗ ನಡೆದಿತ್ತು, 1990ರ ದಶಕದ ಆರಂಭಕ್ಕೆ ಅದೂ ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ಬಂದ್. ಪಂಪು ನಿಂತಿತು, ನೀರು ತುಂಬಿತು.

ಜಪಾನಿನಲ್ಲಿ ಕಾಮಿಯೊಕಾ ಅಂತ ಒಂದು ಸತುವಿನ ಗಣಿ. ಅವರೂ 1983ರಲ್ಲಿ ಅದರೊಳಗೆ ಇದೇ ಪ್ರೋಟಾನ್ ಪ್ರಶ್ನೆ ಇಟ್ಟುಕೊಂಡು ಶುರು ಮಾಡಿದರು. ಆ ಗಣಿಯಲ್ಲೂ 2001ರಲ್ಲೇ ಅಗೆತ ನಿಂತಿತು. ನಮ್ಮದೂ ಅದೇ ವರ್ಷ! ಆದರೆ ಅಷ್ಟರೊಳಗೆ ಅಲ್ಲಿಯ ಸರ್ಕಾರ ಪ್ರಯೋಗಾಲಯವನ್ನು ಗಣಿಯಿಂದ ಬೇರೆಯಾಗಿ ಲೆಕ್ಕ ಹಿಡಿದು, ಅದಕ್ಕೇ ಅಂತ ದುಡ್ಡು ಕೊಟ್ಟಾಗಿತ್ತು. ಗಣಿ ಹೋಯಿತು, ಪ್ರಯೋಗಾಲಯ ಉಳಿಯಿತು. ಅಲ್ಲಿಂದ 2002ರಲ್ಲಿ ಒಂದು, 2015ರಲ್ಲಿ ಇನ್ನೊಂದು ನೊಬೆಲ್ ಬಂತು, ಎರಡೂ ನ್ಯೂಟ್ರಿನೊ ಕೆಲಸಕ್ಕೆ. ಕೆಜಿಎಫ್ ಇದ್ದಿದ್ದರೆ ನಮಗೂ ಬರುತ್ತಿತ್ತು ಅಂತ ನಾನು ಹೇಳುವುದಿಲ್ಲ, ಅದು ಗಾಳಿಗೋಪುರ ಕಟ್ಟುವ ಮಾತು. ಆದರೆ ಆಟದಲ್ಲಿ ಇದ್ದವರು ಹೊರಗೆ ನಿಂತು ನೋಡುವ ಹಾಗಾಯಿತು. ಆಮೇಲೆ ನ್ಯೂಟ್ರಿನೊಗೆ ಹೊಸ ಜಾಗ ಹುಡುಕಿ, 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟು, ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದಲ್ಲಿ ಸುರಂಗ ತೋಡಬೇಕು ಅಂತಾಯಿತು. ಅಲ್ಲಿಯ ಜನ ಬೇಡ ಅಂದರು, ಕೋರ್ಟಿಗೆ ಹೋಯಿತು, 2022ರಲ್ಲಿ ತಮಿಳುನಾಡು ಸರ್ಕಾರವೂ ಬೇಡ ಅಂದಿತು. ತೋಡಿಟ್ಟ ಗುಂಡಿಗೆ ನೀರು ಬಿಟ್ಟು ಹೊಸ ಗುಂಡಿಗೆ ಜಾಗ ಹುಡುಕಿದ ಕಥೆ ಇದು. ಯಾರೋ ಕೆಟ್ಟವರು ಕೂತು ಮಾಡಿದ್ದಲ್ಲ. ಗಣಿ ಮುಚ್ಚುವ ಕಡತ ಗಣಿ ಇಲಾಖೆಯದು, ವಿಜ್ಞಾನದ ಕಡತ ಅಣುಶಕ್ತಿ ಇಲಾಖೆಯದು. ಎರಡು ಕಡತ ಒಂದೇ ಮೇಜಿನ ಮೇಲೆ ಬರಲಿಲ್ಲ, ಅಷ್ಟೇ ಅಂತ ನನ್ನ ಅಂದಾಜು.

ಈಗ ನಿಮ್ಮ ಹುಳು ಮನೆಗೆ ಬರೋಣ.

ನಿಮ್ಮ ತಾತನ ಕಾಲದಲ್ಲಿ ಸಾಕುತ್ತಿದ್ದದ್ದು ಮೈಸೂರು ದೇಶಿ ಹೆಣ್ಣಿಗೆ ಬೈವೋಲ್ಟೈನ್ ಗಂಡು ಕೂಡಿಸಿದ ಮಿಶ್ರತಳಿ. ಈಗಲೂ ಶಿಡ್ಲಘಟ್ಟದ ಕಡೆ ಅದನ್ನು ಬಿಡದವರು ಬಹಳ ಜನ ಇದ್ದಾರೆ. ಗಟ್ಟಿ ಹುಳ, ನಮ್ಮ ಬಿಸಿಲು ತಡೆಯುತ್ತದೆ. ಆದರೆ ನೂಲಿನ ಎಳೆ ಗಿಡ್ಡ. ಶುದ್ಧ ಬೈವೋಲ್ಟೈನ್ ಗೂಡಿನಿಂದ ಒಂದೇ ಎಳೆ ಸಾವಿರ ಮೀಟರ್ ಬಿಚ್ಚುತ್ತದೆ, ಆದರೆ ಹುಳ ನಾಜೂಕು. ಅದು ನಮ್ಮಲ್ಲಿ ಆಗಿಬರಲ್ಲ ಅನ್ನುವುದು ಬಹಳ ಜನರ ನಂಬಿಕೆಯಾಗಿತ್ತು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯರೊಬ್ಬರು ಬೈವೋಲ್ಟೈನ್ ತಟ್ಟೆ ತೋರಿಸಿ "ಇದು ಊಟಿಯ ಹುಳ, ಶಿಡ್ಲಘಟ್ಟದ ಹುಳ ಅಲ್ಲ" ಅಂತ ನಕ್ಕಿದ್ದರು.

1991ರಿಂದ 2007ರವರೆಗೆ, ಹದಿನಾರು ವರ್ಷ, ಜಪಾನ್ ಸರ್ಕಾರದ ನೆರವಿನಿಂದ ಕೇಂದ್ರ ರೇಷ್ಮೆ ಮಂಡಳಿ ಮೂರು ಹಂತದ ಯೋಜನೆ ನಡೆಸಿತು. ಮೊದಲು ಪ್ರಯೋಗಾಲಯದಲ್ಲಿ ತಳಿ, ಆಮೇಲೆ ಆಯ್ದ ರೈತರ ಮನೆಯಲ್ಲಿ ಪರೀಕ್ಷೆ, ಆಮೇಲೆ ಹಳ್ಳಿಗೆ ಹರಡುವುದು. ಮಂಡಳಿಯ ಮೈಸೂರಿನ ಸಂಶೋಧನಾ ಸಂಸ್ಥೆಯಿಂದ ಸಿಎಸ್‌ಆರ್2, ಸಿಎಸ್‌ಆರ್4 ತಳಿಗಳು ಬಂದವು. ವಿ-1 ಹಿಪ್ಪುನೇರಳೆ ಬಂತು, ನಿಮ್ಮ ತೋಟದಲ್ಲಿರುವುದೂ ಬಹುಶಃ ಅದೇ. ಚಾಕಿ, ಅಂದರೆ ಮರಿ ಹುಳು ಸಾಕಣೆ ಬೇರೆ, ದೊಡ್ಡ ಹುಳು ಸಾಕಣೆ ಬೇರೆ ಅನ್ನುವ ಪದ್ಧತಿ, ಕೊಂಬೆ ಸಮೇತ ಸೊಪ್ಪು ಹಾಕುವುದು, ಹುಳು ಮನೆಯನ್ನು ವಾಸದ ಮನೆಯಿಂದ ಬೇರೆ ಕಟ್ಟುವುದು, ಎಲ್ಲ ಹಂತಹಂತವಾಗಿ ಹಳ್ಳಿ ಸೇರಿತು. ಇದರಲ್ಲಿ ದುಡ್ಡಿಗಿಂತ ದೊಡ್ಡದು ಆ ಹದಿನಾರು ವರ್ಷ. ಮಧ್ಯೆ ಐದನೇ ವರ್ಷಕ್ಕೆ "ಏನು ಸಾಧಿಸಿದಿರಿ?" ಅಂತ ಕೇಳಿ ನಿಲ್ಲಿಸಿದ್ದರೆ ಕೈಯಲ್ಲಿ ಅರ್ಧ ಬೆಂದ ತಳಿ ಇರುತ್ತಿತ್ತು. ಹಾಗಾಗಿ ನಿಮ್ಮಪ್ಪ ಹೇಳಿದ್ದು ಸರಿ, ಒಂದು ಸರ್ಕಾರದ ದುಡ್ಡಲ್ಲ, ಎರಡು ದೇಶದ್ದು.

ಊಜಿ ನೊಣದ್ದು ಇನ್ನೊಂದು ಥರ. 1980ರಲ್ಲಿ ಬಂಗಾಳದ ಕಡೆಯಿಂದ ತಂದ ಗೂಡಿನ ಜೊತೆ ಅದು ಕರ್ನಾಟಕಕ್ಕೆ ಕಾಲಿಟ್ಟಿತು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ತಿಂದು ಗೂಡು ತೂತು ಮಾಡಿ ಹೊರಬರುತ್ತದೆ. ಅದಕ್ಕೆ ಮೊದಲು ಇಲ್ಲಿ ಊಜಿಯ ಮೇಲೆ ಕೆಲಸ ಮಾಡುತ್ತೇನೆ ಅಂದಿದ್ದರೆ ಯಾರೂ ಹತ್ತು ರೂಪಾಯಿ ಕೊಡುತ್ತಿರಲಿಲ್ಲ. ಬೆಳೆ ಹೋಗತೊಡಗಿದ ಮೇಲೆ ದುಡ್ಡು ತಾನಾಗಿ ಬಂತು. ನಿಮ್ಮ ಹುಳು ಮನೆ ಕಿಟಕಿಗೆ ಹೊಡೆದ ನೈಲಾನ್ ಪರದೆ ಇದೆಯಲ್ಲ, ಊಜಿಯ ಕೋಶಕ್ಕೆ ಮೊಟ್ಟೆ ಇಟ್ಟು ಸಾಯಿಸುವ ಚಿಕ್ಕ ಕಣಜವನ್ನು ಪೊಟ್ಟಣದಲ್ಲಿ ಕೊಡುತ್ತಾರಲ್ಲ, ಅದೆಲ್ಲ ಆ ಗಾಬರಿಯ ಫಲ. ಗಾಬರಿಯ ದುಡ್ಡೂ ದುಡ್ಡೇ. ಬೇಗ ಬರುತ್ತದೆ, ಗಾಬರಿ ಇಳಿದ ಕೂಡಲೇ ಹೋಗುತ್ತದೆ.

ಇನ್ನು ಸರ್ಕಾರದ ಇನ್ನೊಂದು ಕೈ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 30%ರಿಂದ 5%ಗೆ ಇಳಿಯಿತು. ಚೀನಾ ನೂಲು ಅಗ್ಗವಾಗಿ ಬಂತು. ಗೂಡಿನ ಬೆಲೆ ಬಿತ್ತು, ರೈತರು ರಸ್ತೆಗಿಳಿದರು, ನಿಮಗೆ ನೆನಪಿರಲಿಕ್ಕಿಲ್ಲ, ನಿಮ್ಮಪ್ಪನನ್ನು ಕೇಳಿ. ನಮಗೆ ಪರಿಚಯದ ರೈತರೇ ಹಿಪ್ಪುನೇರಳೆ ಕಿತ್ತು ಟೊಮ್ಯಾಟೊ ಹಾಕಿದರು. ಹದಿನಾರು ವರ್ಷ ಬೆಳೆಸಿದ ತಳಿಗೆ ಒಂದು ಸಾಲಿನ ಸುಂಕ ಬದಲಾವಣೆ ಕೊಟ್ಟ ಪೆಟ್ಟು ಯಾವ ಹಾಲುತೊಂಡೆ ರೋಗವೂ ಕೊಟ್ಟಿರಲಿಲ್ಲ. ಆಮೇಲೆ ಸುಂಕ ಏರಿಸಿದರು, ಮತ್ತೆ ಇಳಿಸಿದರು, 2021ರ ಬಜೆಟ್‌ನಲ್ಲಿ 10%ರಿಂದ 15% ಮಾಡಿದರು. ವಿಜ್ಞಾನ ನೀತಿ ಅಂದ ಕೂಡಲೇ ಎಲ್ಲರೂ ಸಂಶೋಧನೆಯ ಅನುದಾನ ನೋಡುತ್ತಾರೆ. ನಾನು ಮೊದಲು ಸುಂಕದ ಪಟ್ಟಿ ನೋಡುತ್ತೇನೆ.

ಈಗ ತಲೆಬರಹದ ವಿಷಯ. ನಾನಿದ್ದ ಒಂದು ಕಡೆ, ಹೆಸರು ಬೇಡ, ಬೈವೋಲ್ಟೈನ್ ಮೊಟ್ಟೆ ಇಡುವ ಶೀತಲ ಕೋಣೆಯ ಕಂಪ್ರೆಸರ್ ಫೆಬ್ರವರಿ ಕೊನೆಯಲ್ಲಿ ಕೆಟ್ಟಿತು. ಬೈವೋಲ್ಟೈನ್ ಮೊಟ್ಟೆ ತಿಂಗಳುಗಟ್ಟಲೆ ನಿದ್ದೆಯಲ್ಲಿರುತ್ತದೆ, ತಣ್ಣಗೆ ಇಟ್ಟು ಬೇಕಾದಾಗ ಎಬ್ಬಿಸಬೇಕು. ಅದಕ್ಕೆ ತಕ್ಕ ಹಾಗೆ ತೋಟ ಕತ್ತರಿಸಿ ಎಳೆ ಸೊಪ್ಪು ಬರುವಂತೆ ಮಾಡಿಕೊಳ್ಳಬೇಕು. ರಿಪೇರಿಗೆ ಬೇಕಾಗಿದ್ದು ನಲವತ್ತು ಸಾವಿರ. ರಿಪೇರಿಯ ಹೆಡ್‌ನಲ್ಲಿ, ಅಂದರೆ ಬಜೆಟ್ಟಿನ ಆ ಬಾಬತ್ತಿನಲ್ಲಿ, ದುಡ್ಡು ಖಾಲಿ. ಹೊಸ ಉಪಕರಣ ಕೊಳ್ಳುವ ಹೆಡ್‌ನಲ್ಲಿ ಆರು ಲಕ್ಷ ಇತ್ತು, ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ ವಾಪಸ್. ಒಂದು ಹೆಡ್‌ನ ದುಡ್ಡನ್ನು ಇನ್ನೊಂದಕ್ಕೆ ಬಳಸಲು ಮೇಲಿನವರ ಒಪ್ಪಿಗೆ ಬೇಕು. ಕಡತ ಹೊರಟಿತು. ನಾವು ಕೈಗೆ ಸಿಕ್ಕಷ್ಟು ಮೊಟ್ಟೆ ಹಾಳೆ ತಂದು ಕ್ಯಾಂಟೀನಿನ ಫ್ರಿಡ್ಜಿನಲ್ಲಿ, ಹಾಲಿನ ಪಾಕೆಟ್ ಪಕ್ಕ ತುರುಕಿದೆವು. ಉಳಿದದ್ದು ಕೋಣೆಯಲ್ಲೇ ಇತ್ತು.

ಎರಡು ವಾರ ಕಳೆದು ಒಂದು ಬೆಳಗ್ಗೆ ಬಾಗಿಲು ತೆಗೆದಾಗ ಹಾಳೆಗಳ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಮರಿಗಳು ಹರಿದಾಡುತ್ತಿದ್ದವು. ಸೊಪ್ಪು ಇರಲಿಲ್ಲ. ತೋಟ ಆ ವಾರವಷ್ಟೇ ಕತ್ತರಿಸಿ ಬೋಳಾಗಿತ್ತು. ಪಕ್ಕದ ರೈತರ ಹೊಲಕ್ಕೆ ಓಡಿ ಒಂದಿಷ್ಟು ಎಳೆ ಎಲೆ ಬೇಡಿ ತಂದೆವು, ಸಾಲಲಿಲ್ಲ. ಒಂಬತ್ತು ತಲೆಮಾರು ಆರಿಸಿ ಆರಿಸಿ ತಂದಿದ್ದ ಎರಡು ತಳಿಸಾಲು ಅವತ್ತಿಗೆ ಮುಗಿಯಿತು. ಅದೇ ತಿಂಗಳ 29ಕ್ಕೆ ಹೊಸ ಮೈಕ್ರೋಸ್ಕೋಪ್ ಬಂತು. ಒಳ್ಳೆಯ ಮೈಕ್ರೋಸ್ಕೋಪೇ, ಸುಳ್ಳು ಹೇಳಬಾರದು. ಎಂಟು ತಿಂಗಳು ಪ್ಲಾಸ್ಟಿಕ್ ಹೊದಿಕೆ ತೆಗೆಯಲಿಲ್ಲ.

ಹಾಗಾಗಿ ಎಷ್ಟು ಕೋಟಿ ಅನ್ನುವುದರ ಜೊತೆಗೆ ಯಾವಾಗ, ಯಾವ ಹೆಡ್‌ನಲ್ಲಿ ಅಂತಲೂ ಕೇಳಿ. ಹಾಗಂತ ಕೋಟಿ ಮುಖ್ಯ ಅಲ್ಲ ಅಂತಲ್ಲ. 2020-21ರ ಲೆಕ್ಕದಲ್ಲಿ ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ 0.64% ಅಷ್ಟೇ. 2003ರ ವಿಜ್ಞಾನ ನೀತಿಯಲ್ಲಿ ಇದನ್ನು 2007ರೊಳಗೆ 2% ಮಾಡುತ್ತೇವೆ ಅಂತ ಬರೆದಿದ್ದರು. ಚೀನಾ 2% ದಾಟಿ ಎಷ್ಟೋ ವರ್ಷವಾಯಿತು. ನಮ್ಮಲ್ಲಿ ಖಾಸಗಿಯವರ ಪಾಲು ಮೂರನೇ ಒಂದು ಭಾಗದ ಆಸುಪಾಸು, ಉಳಿದದ್ದರ ದೊಡ್ಡ ಪಾಲು ಕೇಂದ್ರ ಸರ್ಕಾರದ್ದು. ಕೇಂದ್ರದ ದೊಡ್ಡ ವಿಜ್ಞಾನ ಇಲಾಖೆಗಳ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಈ ಮೂರಕ್ಕೇ. ಹುಳ, ರಾಗಿ, ಬಾವಿ ನೀರು, ಮಣ್ಣು ಇವೆಲ್ಲ ಉಳಿದದ್ದರಲ್ಲಿ ಹಂಚಿಕೊಳ್ಳಬೇಕು. ಹೀಗಿರುವಾಗ 2022ರ ಜುಲೈನಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಉಪಕರಣಕ್ಕಿದ್ದ 5% ಜಿಎಸ್‌ಟಿ ರಿಯಾಯಿತಿ ತೆಗೆದು 18% ಮಾಡಿದರು. ಸರ್ಕಾರ ಕೊಟ್ಟ ಅನುದಾನದಲ್ಲೇ ಸರ್ಕಾರಕ್ಕೆ ತೆರಿಗೆ. ಎಡಗೈಯಿಂದ ಕೊಟ್ಟು ಬಲಗೈಯಿಂದ ಇಸ್ಕೊಂಡ ಹಾಗೆ.

ಈಚೆಗೆ ದೊಡ್ಡ ಅಂಕಿಗಳು ಬಂದಿವೆ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಆಯಿತು, ಐದು ವರ್ಷಕ್ಕೆ 50,000 ಕೋಟಿ ಅಂದರು, ಅದರಲ್ಲಿ ಸುಮಾರು 36,000 ಕೋಟಿ ಖಾಸಗಿ ಮತ್ತು ಇತರ ಮೂಲದಿಂದ ಬರಬೇಕು. 2025ರ ಜುಲೈನಲ್ಲಿ ಖಾಸಗಿ ಕಂಪನಿಗಳ ಸಂಶೋಧನೆಗೆ ಕಡಿಮೆ ಬಡ್ಡಿಯ ಸಾಲ ಕೊಡಲು 1 ಲಕ್ಷ ಕೋಟಿಯ ನಿಧಿಗೆ ಸಂಪುಟ ಒಪ್ಪಿತು. ಒಳ್ಳೆಯದೇ. ಆದರೆ ಬರಬೇಕಾದ ದುಡ್ಡು ಮತ್ತು ಬಂದ ದುಡ್ಡು ಬೇರೆ ಬೇರೆ ಅನ್ನುವುದು ನೂಲು ಬಿಚ್ಚುವ ರೀಲರ್‌ಗೆ ಗೂಡು ಕೊಟ್ಟ ಮನೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಒಂದು ಕಡೆ ಮಾತ್ರ ಎಚ್ಚರ ಇರಲಿ, ತಂತ್ರಜ್ಞಾನ ಬಂದ ಮಾತ್ರಕ್ಕೆ ವಿಜ್ಞಾನ ಬಂತು ಅಂತಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ರೈತರಿಂದ ಭೂಮಿ ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡರು, ಅದು ಜಾಣ ನೀತಿ. ಆದರೆ ದೇಶದ ನೀತಿ ಆಗ ಕೇಳಿದ್ದು ಅಗ್ಗದ ಕರೆಂಟ್. ಅಗ್ಗದ ಪ್ಯಾನೆಲ್ ಇದ್ದದ್ದು ಚೀನಾದಲ್ಲಿ. ಹೊರಗಿನ ಪ್ಯಾನೆಲ್‌ಗೆ 40% ಸುಂಕ ಬಿದ್ದಿದ್ದು 2022ರ ಏಪ್ರಿಲ್‌ನಲ್ಲಿ, ಪಾವಗಡದಲ್ಲಿ ಪ್ಯಾನೆಲ್ ನೆಲ ಹಿಡಿದ ಮೇಲೆ. ಕರೆಂಟ್ ಕೇಳಿದರು, ಕರೆಂಟ್ ಬಂತು. ವಿಜ್ಞಾನವನ್ನು ಯಾರೂ ಕೇಳಿರಲಿಲ್ಲ. ಇದಕ್ಕೆ ಎದುರು ನಮ್ಮ ಬೋರ್‌ವೆಲ್ ನೋಡಿ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಹಾಗಾಗಿ ಕರೆಂಟ್ ಉಳಿಸುವ ಪಂಪನ್ನು ಯಾರೂ ಕೇಳುವುದಿಲ್ಲ, ಆದರೆ ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲೇ ಮಲಗಿ ಮೋಟರ್ ಹಾಕುವ ಮೊಬೈಲ್ ಸ್ಟಾರ್ಟರ್ ಪ್ರತಿ ಹಳ್ಳಿಯಲ್ಲೂ ಇದೆ. ಅದಕ್ಕೆ ಯಾವ ಅನುದಾನವೂ ಇರಲಿಲ್ಲ. ಕರೆಂಟ್ ಬಿಡುವ ವೇಳಾಪಟ್ಟಿಯೇ ಅದರ ಅಪ್ಪ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಿಮಗಿಷ್ಟವಾದದ್ದು ಮಾಡಬಹುದಾ ಅಂತ.

ಮಾಡಬಹುದು, ಸ್ವಲ್ಪ ವೇಷ ಹಾಕಿ. ಸಮಿತಿಯಲ್ಲಿದ್ದಾಗ ಹಿಪ್ಪುನೇರಳೆಯ ಬೇರುಕೊಳೆ ರೋಗದ ಒಂದೇ ಅರ್ಜಿಯನ್ನು ಬೇರೆ ಬೇರೆ ವರ್ಷ ಮೂರು ಸಲ ನೋಡಿದ್ದೇನೆ. ಮೊದಲ ಸಲ ಬರೀ ಬೇರುಕೊಳೆ. 2007ರಲ್ಲಿ ನ್ಯಾನೋ ಮಿಷನ್‌ಗೆ 1,000 ಕೋಟಿ ಬಂದಮೇಲೆ "ನ್ಯಾನೋ ಕಣಗಳಿಂದ ಬೇರುಕೊಳೆ ನಿಯಂತ್ರಣ". ಆಮೇಲೆ ಹವಾಮಾನ ಬದಲಾವಣೆಯ ಕಾಲ ಬಂದಾಗ "ಬದಲಾಗುವ ಹವಾಮಾನದಲ್ಲಿ ಬೇರುಕೊಳೆ". ಒಳಗಿನ ಪುಟಗಳು ಹೆಚ್ಚು ಕಮ್ಮಿ ಅವೇ. ಮೂರನೇ ಸಲ ನಾನೇ ದುಡ್ಡು ಕೊಡಿ ಅಂತ ಬರೆದೆ, ಮನುಷ್ಯ ನಿಜಕ್ಕೂ ಬೇರಿನ ಬಗ್ಗೆ ತಲೆಕೆಡಿಸಿಕೊಂಡಿದ್ದ. ಇದು ಮೋಸ ಅಂತ ಕೆಲವರು ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಆದರೆ ವೇಷ ಹಾಕಿ ಹಾಕಿ ಕೊನೆಗೆ ತಾನು ಯಾರು ಅಂತಲೇ ಮರೆತವರನ್ನೂ ನೋಡಿದ್ದೇನೆ. ಐದು ವರ್ಷಕ್ಕೊಂದು ವಿಷಯ ಬದಲಿಸಿ, ಯಾವುದರಲ್ಲೂ ಬೇರು ಬಿಡದೆ ನಿವೃತ್ತರಾದರು. ಅದು ಪೂರ್ತಿ ಅವರ ತಪ್ಪಲ್ಲ.

ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್ ಪರೀಕ್ಷೆ ಪಾಸು ಮಾಡಿಕೊಂಡು ಹೋಗಿ. 2023ರಿಂದ ತಿಂಗಳಿಗೆ 37,000 ಇದೆ, ಆ ದುಡ್ಡು ನಿಮ್ಮ ಹೆಸರಿಗೆ ಬರುತ್ತದೆ, ಹಾಗಾಗಿ ವಿಷಯ ಆರಿಸುವಾಗ ಪ್ರಾಜೆಕ್ಟಿನಲ್ಲಿ ಸೇರಿದವರಿಗಿಂತ ನಿಮಗೆ ಸ್ವಲ್ಪ ಜಾಸ್ತಿ ಬಾಯಿ ಇರುತ್ತದೆ. ಗೈಡ್ ಹತ್ತಿರ ಹೋದಾಗ ಅವರ ಪ್ರಾಜೆಕ್ಟ್ ಯಾವ ವರ್ಷ ಮುಗಿಯುತ್ತದೆ ಅಂತ ನಾಚಿಕೆ ಬಿಟ್ಟು ಕೇಳಿ. ಲ್ಯಾಬಿನ ಹಿರಿಯ ವಿದ್ಯಾರ್ಥಿಗಳನ್ನು ಹೊರಗೆ ಟೀ ಅಂಗಡಿಯಲ್ಲಿ ಹಿಡಿದು, ಕಳೆದ ಫೆಲೋಶಿಪ್ ಯಾವ ತಿಂಗಳು ಬಂತು ಅಂತ ಕೇಳಿ, ಮೂರು ನಾಲ್ಕು ತಿಂಗಳು ತಡ ಅಂದರೆ ಗಾಬರಿಯಾಗಬೇಡಿ, ಆದರೆ ಮನೆಯಲ್ಲಿ ಮೊದಲೇ ಹೇಳಿಟ್ಟಿರಿ. ಹುಳದ ಕೆಲಸ ಹಿಡಿದರೆ ಶೀತಲ ಕೋಣೆಯ ಕಂಪ್ರೆಸರ್‌ಗೆ ವಾರ್ಷಿಕ ರಿಪೇರಿ ಗುತ್ತಿಗೆ ಇದೆಯಾ ಅಂತ ನೋಡಿ, ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಮೇಷ್ಟ್ರ ಜೊತೆ ಜಗಳ ಆಡಬೇಡಿ. ಎರಡು ತಿಂಗಳ ಸೊನ್ನೆ ನೋಡಿ ಖುಷಿಪಟ್ಟವರು ಇದ್ದರಲ್ಲ, ಅವರ ಬಗ್ಗೆಯೇ ಅವರು ಮಾತಾಡುತ್ತಿರುವುದು. ಮೊದಲ ಅರ್ಜಿ ಬರೆದಾಗ ಒಂದು ಪ್ರತಿ ನನಗೂ ಕಳಿಸಿ, ತಲೆಬರಹ ಬಿಟ್ಟು ಉಳಿದದ್ದೆಲ್ಲ ಓದುತ್ತೇನೆ.